ಕಂಪ್ರೆಸರ್ ಹೋಗಿದೆ ಅನ್ನುವ ಮೊದಲು

ಏಪ್ರಿಲ್ ಬಂತೆಂದರೆ ಬಳ್ಳಾರಿಯಲ್ಲಿ ಹನ್ನೊಂದು ಗಂಟೆಗೇ ಬೀದಿ ಖಾಲಿಯಾಗತೊಡಗುತ್ತದೆ. ಕೋಟೆ ಗುಡ್ಡದ ಬಂಡೆಗಳು ಕಾದು, ಅತ್ತ ನೋಡಿದರೆ ಕಣ್ಣು ಚುಚ್ಚುತ್ತವೆ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಗಾಳಿಯಿಲ್ಲದೆ ಅಲ್ಲಲ್ಲೇ ನಿಂತುಬಿಡುತ್ತದೆ. ಆದರೆ ಊರಂಚಿನ ಗ್ಯಾರೇಜುಗಳ ಸಾಲಿಗೆ ಈ ಹೊತ್ತೇ ಸುಗ್ಗಿ. ಪಂಕ್ಚರ್ ಅಂಗಡಿ, ವೆಲ್ಡಿಂಗ್, ರೇಡಿಯೇಟರ್, ಲೇತ್ ದಾಟಿ ಮುಂದೆ ಹೋದರೆ ಕೊನೆಯಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಸೂರು. ಅಲ್ಲಿ ಕಾರಿನ ಎ.ಸಿ. ಬಿಟ್ಟು ಬೇರೆ ಕೆಲಸ ಮಾಡುವುದಿಲ್ಲ.

ಗೋಡೆಗೆ ಬಡಿದ ಮೊಳೆಯಲ್ಲಿ ನೀಲಿ, ಕೆಂಪು, ಹಳದಿ ಪೈಪುಗಳ ಗೇಜ್ ಸೆಟ್ಟು ತೂಗಾಡುತ್ತಿದೆ. ಮೂಲೆಯಲ್ಲಿ ಗ್ಯಾಸಿನ ಸಿಲಿಂಡರು, ಅದರ ಪಕ್ಕ ದಿನಸಿ ಅಂಗಡಿಯಲ್ಲಿರುವಂಥದೇ ತೂಕದ ಯಂತ್ರ. ಹಲಗೆಯ ಮೇಲೆ ಸತ್ತ ಕಂಪ್ರೆಸರುಗಳು ಸಾಲಾಗಿ ಕೂತಿವೆ. ಕೆಲವನ್ನು ಬಿಚ್ಚಿ ಪಿಸ್ಟನ್ನು, ಓರೆ ತಟ್ಟೆ ಕಾಣುವಂತೆ ಇಟ್ಟಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಅದೇ ಪಾಠ. ಎಣ್ಣೆ ಮೆತ್ತಿದ ಉದ್ದನೆಯ ನೋಟ್‌ಬುಕ್ಕೊಂದಿದೆ. ಯಾವ ಕಾರಿಗೆ ಎಷ್ಟು ಗ್ರಾಂ ಗ್ಯಾಸು, ಯಾವ ಎಣ್ಣೆ, ಎಷ್ಟು ಮಿಲಿ ಎಂಬುದೆಲ್ಲ ಅದರಲ್ಲಿ ಉಂಟು. ಬಾನೆಟ್ಟಿನೊಳಗಿನ ಸ್ಟಿಕ್ಕರು ಹತ್ತು ವರ್ಷದ ಬಿಸಿಗೆ ಅಳಿಸಿಹೋಗುತ್ತದೆ. ಹಳೇ ಕಾರುಗಳಿಗೆ ಈ ನೋಟ್‌ಬುಕ್ಕೇ ಆಧಾರ.

ಈ ಸೂರಿನ ಯಜಮಾನರನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ. ನಾನು ಅವರ ಬೆಂಚಿನ ಮೇಲೆ ಕೂತು ನೋಡುತ್ತಿರುವಾಗಲೇ ಬೆಳ್ಳಿ ಬಣ್ಣದ ಹಳೇ ಝೆನ್ ಒಂದು ಬಂದು ನಿಂತಿತು. ಇಳಿದವರು ಸಿರುಗುಪ್ಪದ ಕಡೆಯ ನಿವೃತ್ತ ಮೇಷ್ಟ್ರು. ಅಂಗಿ ಬೆನ್ನಿಗೆ ಅಂಟಿಕೊಂಡಿದೆ.

"ಉಸ್ತಾದ್ರೆ, ಮಗಳಿಗೆ ಇಲ್ಲೇ ಆಸ್ಪತ್ರೇಲಿ ಹೆರಿಗೆ ಆಗೈತೆ. ನಾಳೆ ಮಧ್ಯಾಹ್ನ ಬಿಡ್ತಾರಂತೆ. ಹಸುಗೂಸು ಕರ್ಕೊಂಡು ಈ ಬಿಸಿಲಾಗೆ ಊರಿಗೆ ಹೋಗಬೇಕು. ಒಂದು ಕಡೆ ತೋರಿಸಿದ್ದೆ, ಕಂಪ್ರೆಸರ್ ಹೋಗೈತೆ, ಹೊಸಾದು ಹಾಕಬೇಕು ಅಂದ್ರು. ಅವರು ಹೇಳಿದ ರೇಟಿಗೆ ಈ ಗಾಡೀನೇ ಅರ್ಧ ಬರ್ತೈತೆ."

ಉಸ್ತಾದ್ ಬಾನೆಟ್ ಎತ್ತಲಿಲ್ಲ. ಸ್ಟೂಲ್ ಎಳೆದು ಮೇಷ್ಟ್ರನ್ನು ಕೂರಿಸಿದರು, ಹೂಜಿಯ ನೀರು ತರಿಸಿದರು, ಆಮೇಲೆ ಕೇಳತೊಡಗಿದರು. ಬೆಳಿಗ್ಗೆ ಹೊರಟಾಗ ತಣ್ಣಗೆ ಬರ್ತೈತಾ? ಬರ್ತೈತೆ. ಕೈ ಕೊಟ್ಟಾಗ ಗಾಳಿಯ ರಭಸ ಕಡಿಮೆಯಾಗುತ್ತದೋ, ರಭಸ ಹಾಗೇ ಇದ್ದು ಬಿಸಿಯಾಗುತ್ತದೋ? ಹಾಗೇ ಇದ್ದು ಬಿಸಿ. ಶಬ್ದ? ಇಲ್ಲ. ಯಾವ ಜಾಗದಲ್ಲಿ ಕೈ ಕೊಡುತ್ತದೆ? ಮೇಷ್ಟ್ರು ಸ್ವಲ್ಪ ಯೋಚಿಸಿ ಹೇಳಿದರು: "ಮೋಕಾ ತನಕ ಚೆನ್ನಾಗೇ ಬರ್ತೀನಿ. ಅಲ್ಲಿ ಚಾಕ್ಕೆ ಅಂತ ನಿಲ್ಲಿಸ್ತೀನಿ. ಮತ್ತೆ ಗಾಡಿ ತೆಗೆದ್ರೆ ಬರೀ ಬಿಸಿ ಗಾಳಿ."

ಉಸ್ತಾದ್ ಹುಡುಗನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ ತಮ್ಮಾ? ಮೋಕಾದಾಗ ನಿಲ್ಲಿಸಿದ ಮೇಲೆ" ಅಂದರು. ಅರ್ಧ ಪರೀಕ್ಷೆ ಅಲ್ಲಿಗೇ ಮುಗಿದಿತ್ತೆಂದು ನನಗೆ ತಿಳಿದದ್ದು ಆಮೇಲೆ.

ಹೂಜಿಯ ನೀರು ಹೇಗೆ ತಣ್ಣಗಾಗುತ್ತದೋ ಕಾರಿನ ಎ.ಸಿ.ಯೂ ಹಾಗೇ ತಣ್ಣಗಾಗುತ್ತದೆ. ಮಣ್ಣಿನ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಕಾರಿನಲ್ಲಿ ನೀರಿನ ಬದಲು ಆರ್-134ಎ ಎಂಬ ಗ್ಯಾಸು ಈ ಕೆಲಸ ಮಾಡುತ್ತದೆ. ಬಯಲು ಗಾಳಿಯ ಒತ್ತಡದಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನೊಳಗೆ ಅದು ಕುದಿದು ಆವಿಯಾಗುತ್ತ ಕಾರಿನ ಬಿಸಿಯನ್ನು ಹೀರುತ್ತದೆ. ಆ ಆವಿಯನ್ನು ಎಳೆದು, ಅದುಮಿ, ಕಾಯಿಸಿ ಮುಂದಿನ ಕಂಡೆನ್ಸರಿಗೆ ದೂಡುವುದು ಕಂಪ್ರೆಸರಿನ ಕೆಲಸ. ಕಂಡೆನ್ಸರಿನಲ್ಲಿ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ಗ್ಯಾಸು ಮತ್ತೆ ದ್ರವವಾಗುತ್ತದೆ, ಡ್ರೈಯರ್ ಬಾಟ್ಲಿಯಲ್ಲಿ ತೇವ ಕಳೆದುಕೊಳ್ಳುತ್ತದೆ, ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ಕಿಂಡಿಯಲ್ಲಿ ನುಸುಳಿ ಮತ್ತೆ ಕೂಲಿಂಗ್ ಕಾಯಿಲಿಗೆ ಬರುತ್ತದೆ. ಈ ಸುತ್ತಿನಲ್ಲಿ ಎಲ್ಲಿ ತೊಡಕಾದರೂ ಒಳಗೆ ಕೂತವರಿಗೆ ಸಿಗುವುದು ಒಂದೇ ಬಿಸಿ ಗಾಳಿ. ಸುತ್ತಿನಲ್ಲಿ ತುಂಬ ದುಬಾರಿಯಾದದ್ದು ಕಂಪ್ರೆಸರು. ಹಾಗಾಗಿ ಯಾರ ತಪ್ಪಿಗೂ ಅದರ ಹೆಸರೇ ಮೊದಲು ಬರುತ್ತದೆ.

ಈಗ ಬಾನೆಟ್ ತೆರೆಯಿತು. ಮೊದಲು ಕಣ್ಣಿನ ಕೆಲಸ. ಪೈಪಿನ ಜಾಯಿಂಟುಗಳ ಮೇಲೆ ಎಣ್ಣೆಗೆ ಧೂಳು ಕೂತು ಕಪ್ಪಾಗಿದೆಯೇ ಎಂದು ಹುಡುಗ ಬೆರಳಾಡಿಸಿ ನೋಡಿದ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸು ಸೋರಿದ ಕಡೆ ಎಣ್ಣೆಯ ಗುರುತು ಬಿದ್ದೇ ಬೀಳುತ್ತದೆ. ಇಲ್ಲಿ ಎಲ್ಲ ಒಣಗಿತ್ತು. ಆದರೆ ಕಂಡೆನ್ಸರಿನ ಎಸಳುಗಳ ನಡುವೆ ಕೆಂಪು ಧೂಳು, ಹತ್ತಿಯ ಎಳೆ, ಮಿಡತೆಯ ರೆಕ್ಕೆ ಸೇರಿ ಗೋಡೆ ಕಟ್ಟಿಕೊಂಡಿತ್ತು. ಅದಿರು, ಹತ್ತಿ ಎರಡೂ ಓಡಾಡುವ ಸೀಮೆಯ ಕಾರುಗಳಿಗೆ ಇದು ತಪ್ಪದು.

ಆಮೇಲೆ ಕಿವಿಯ ಕೆಲಸ. ಎಂಜಿನ್ ಚಾಲೂ ಮಾಡಿ, ಎ.ಸಿ. ಬಂದ್ ಇಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರು. ಎ.ಸಿ. ಬಂದ್ ಇದ್ದಾಗಲೂ ಬೆಲ್ಟಿನ ಜೊತೆ ಪುಲ್ಲಿ ತಿರುಗುತ್ತಲೇ ಇರುತ್ತದೆ. ಆಗಲೇ ಗೊರಗೊರ ಬಂದರೆ ತೊಂದರೆ ಪುಲ್ಲಿಯ ಬೇರಿಂಗಿನಲ್ಲಿ, ಅದೊಂದನ್ನೇ ಬದಲಿಸಿದರೆ ಸಾಕು. ಎ.ಸಿ. ಹಾಕಿದಾಗ ಮಾತ್ರ ಬಂದರೆ ಒಳಗಿನ ಪಿಸ್ಟನ್ನುಗಳ ಕಡೆ ಅನುಮಾನ ಪಡಬೇಕು. ಸ್ವಿಚ್ ಒತ್ತಿದರು. ಟಕ್ ಎಂದು ಕಂಪ್ರೆಸರಿನ ಕ್ಲಚ್ ಹಿಡಿಯಿತು. ಎಂಜಿನ್ ಕ್ಷಣ ಕುಗ್ಗಿ ಮತ್ತೆ ಎದ್ದಿತು. 993 ಸಿಸಿಯ ಪುಟ್ಟ ಎಂಜಿನ್ನಿಗೆ ಕಂಪ್ರೆಸರು ಸಣ್ಣ ಹೊರೆಯಲ್ಲ. ಕಿವಿಗೆ ಬಂದದ್ದು ಒಂದೇ ಸಮನಾದ ಮೆದು ದನಿ. "ಒಳಗೆ ಆರೋಗ್ಯ ಐತೆ" ಅಂದರು ಉಸ್ತಾದ್.

ಮೂರನೆಯದು ಗೇಜು. ಎಂಜಿನ್ ನಿಲ್ಲಿಸಿ ನೀಲಿ ಪೈಪು ಕಡಿಮೆ ಒತ್ತಡದ ಬದಿಗೆ, ಕೆಂಪು ಹೆಚ್ಚಿನ ಬದಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಎರಡೂ ಮುಳ್ಳು 130 ಪಿಎಸ್‌ಐ ಹತ್ತಿರ ನಿಂತವು. ಹುಡುಗನಿಗೆ ಪ್ರಶ್ನೆ ಹೋಯಿತು: "ಗ್ಯಾಸ್ ಫುಲ್ ಐತಾ?" "ಐತೆ ಉಸ್ತಾದ್." "ತಪ್ಪು." ಒಳಗೆ ತೊಟ್ಟು ದ್ರವ ಉಳಿದಿದ್ದರೂ ಸಾಕು, ನಿಂತ ಗಾಡಿಯಲ್ಲಿ ಈ ಅಂಕಿ ಹೊರಗಿನ ಬಿಸಿಯನ್ನಷ್ಟೇ ಹೇಳುತ್ತದೆ. 30 ಡಿಗ್ರಿಯಲ್ಲಾದರೆ 97ರ ಆಸುಪಾಸು, 40ರಲ್ಲಿ 133. ಎಷ್ಟು ಗ್ರಾಂ ಇದೆಯೆಂದು ಹೇಳುವುದು ತೂಕದ ಯಂತ್ರ ಮಾತ್ರ. ಮುಳ್ಳು ನೋಡಿ ಗ್ಯಾಸು ತುಂಬುತ್ತ ಹೋದವರ ಕೈಯಲ್ಲಿ ಒಳ್ಳೆಯ ಕಂಪ್ರೆಸರುಗಳೂ ಕೆಟ್ಟಿವೆ.

ಎಂಜಿನ್ ಮತ್ತೆ ಚಾಲೂ. ಮುಳ್ಳುಗಳು ಬೇರೆಯಾದವು. ನೀಲಿ 55ಕ್ಕೆ ಇಳಿಯಿತು, ಕೆಂಪು 320 ದಾಟಿತು. ಹುಡುಗ ಒಂದು ಕೊಡ ನೀರನ್ನು ಕಂಡೆನ್ಸರಿನ ಮೇಲೆ ಸುರಿದ. ಕೆಂಪು ಮುಳ್ಳು ಕಣ್ಣೆದುರೇ ಜಾರಿ 250ರ ಕೆಳಗೆ ಬಂತು. ಅಂದರೆ ಅದುಮುವ ಶಕ್ತಿ ಕಂಪ್ರೆಸರಿಗೆ ಇದೆ, ಬಿಸಿಯನ್ನು ಹೊರಗೆ ಬಿಡಲು ಧೂಳು ಅಡ್ಡವಾಗಿದೆ. ಎಸಳು ಮಣಿಯದಂತೆ ಮೆಲ್ಲನೆಯ ಧಾರೆಯಲ್ಲಿ ತೊಳೆಯಲು ಹೇಳಿದರು. ಕೆಂಪು ನೀರು ಹರಿದು ಬೇವಿನ ಬುಡ ಸೇರಿತು. ತೊಳೆದಾದ ಮೇಲೆ ಎರಡೂ ಮುಳ್ಳು ಆ ಹೊತ್ತಿನ ಬಿಸಿಲಿಗೆ ತಕ್ಕ ಜಾಗದಲ್ಲಿ ನಿಂತವು. ಒಳಗಿಟ್ಟ ಥರ್ಮಾಮೀಟರು 12 ಡಿಗ್ರಿ ತೋರಿಸಿತು. ಮೇಷ್ಟ್ರ ಮುಖ ಅರಳಿತು.

"ಇಷ್ಟೇನಾ?"

"ಇಲ್ಲ ಸರ್. ನಿಮ್ಮ ಮೋಕಾ ಇನ್ನೂ ಬಂದಿಲ್ಲ." ಉಸ್ತಾದ್ ಕಾರನ್ನು ನೆರಳಿನಿಂದ ಬಿಸಿಲಿಗೆ ತಳ್ಳಿಸಿ, ಎ.ಸಿ. ಹಾಕಿ ಓಡಲು ಬಿಟ್ಟರು. ಅದು ಕಾಯುವ ತನಕ ಪಕ್ಕದ ಕ್ವಾಲಿಸ್ ಕಡೆ ನಡೆದರು.

ಹೊಸಪೇಟೆ ಕಡೆ ಬಾಡಿಗೆಗೆ ಓಡಿ ಓಡಿ ಸವೆದ ಗಾಡಿ ಅದು. ಗೇಜು ಹಾಕಿದಾಗ ನೀಲಿ 80, ಕೆಂಪು 140. ಕ್ಲಚ್ ಹಿಡಿದಿದೆ, ಅದರ ಪ್ಲೇಟು ತಿರುಗುತ್ತಿದೆ, ಎಂಜಿನ್ ರೇಸ್ ಮಾಡಿದರೂ ಮುಳ್ಳುಗಳ ನಡುವಿನ ಅಂತರ ಹೆಚ್ಚುತ್ತಿಲ್ಲ. ಎಳೆಯುವ ಬದಿ ಇಳಿಯದೆ, ದೂಡುವ ಬದಿ ಏರದೆ, ಎರಡೂ ಒಂದರ ಹತ್ತಿರ ಒಂದು ಬಂದು ನಿಂತರೆ ಒಳಗಿನ ವಾಲ್ವ್ ಎಸಳೋ ಪಿಸ್ಟನ್ನಿನ ಉಂಗುರವೋ ಸವೆದಿದೆ ಎಂದೇ ಲೆಕ್ಕ. ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಂಡರು. ಪೈಪು ಬಿಚ್ಚಿ ಅದರ ಬಾಯಿಗೆ ಬಿಳಿ ಬಟ್ಟೆ ಒತ್ತಿ ತೆಗೆದರು. ತಿಳಿಯಾಗಿರಬೇಕಾದ ಎಣ್ಣೆ ಕಪ್ಪಗಿತ್ತು, ಬಿಸಿಲಿಗೆ ಹಿಡಿದರೆ ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು.

"ಇದು ನಿಜವಾಗ್ಲೂ ಹೋಗೈತೆ ಅಣ್ಣ" ಎಂದು ಡ್ರೈವರಿಗೆ ಬಟ್ಟೆ ತೋರಿಸಿದರು. ಬರೀ ಹೊಸ ಕಂಪ್ರೆಸರ್ ಹಾಕಿದರೆ ಪೈಪಿನಲ್ಲಿ ಉಳಿದ ಇದೇ ಪುಡಿ ಅದನ್ನೂ ತಿನ್ನುತ್ತದೆ. ಲೈನ್ ತೊಳೆಯಬೇಕು, ಡ್ರೈಯರ್ ಬಾಟ್ಲಿ, ಎಕ್ಸ್‌ಪ್ಯಾನ್ಶನ್ ವಾಲ್ವ್ ಬದಲಿಸಬೇಕು, ಕಂಡೆನ್ಸರಿನ ಸಣ್ಣ ಕಾಲುವೆಗಳು ಕಟ್ಟಿದ್ದರೆ ಅದೂ ಹೊಸದೇ ಆಗಬೇಕು. ಡ್ರೈವರ್ ಮೊಬೈಲಿನಲ್ಲಿ ಲೆಕ್ಕ ಹಾಕುತ್ತ ಗುಜರಿಯ ಕಂಪ್ರೆಸರ್ ಸಿಕ್ಕೀತೇ ಎಂದು ಕೇಳಿದ. ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೇ ಗಾಡಿಯ ಸಾಮಾನು ಸಿಗುತ್ತದೆ. ಆದರೆ ಉಸ್ತಾದರ ಷರತ್ತು ಒಂದೇ, ಬಾಯಿಗೆ ಮುಚ್ಚಳ ಇರಬೇಕು. ಆರ್-134ಎ ಜೊತೆ ಬಳಸುವ ಪ್ಯಾಗ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬಾಯಿ ತೆರೆದು ತಿಂಗಳುಗಟ್ಟಲೆ ಬಿದ್ದ ಕಂಪ್ರೆಸರಿನೊಳಗೆ ಆ ತೇವ ಆಗಲೇ ತುಕ್ಕು ಹಿಡಿಸಿರುತ್ತದೆ.

ಎಣ್ಣೆಯ ಮಾತು ಉಸ್ತಾದರ ಕಲಿಕೆಯ ದಿನಗಳನ್ನು ಎಬ್ಬಿಸಿತು. ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುವಾಗ ಕಾರುಗಳಲ್ಲಿ ಇದ್ದದ್ದು ಆರ್-12 ಎಂಬ ಗ್ಯಾಸು. ಸೋರಿಕೆ ಹುಡುಕಲು ಒಂದು ದೀಪ ಇತ್ತಂತೆ, ಜಾಯಿಂಟಿನ ಹತ್ತಿರ ಹಿಡಿದಾಗ ಉರಿ ಹಸಿರಾದರೆ ಅಲ್ಲೇ ಸೋರಿಕೆ. ಆ ಹಸಿರಿಗೆ ಕಾರಣ ಗ್ಯಾಸಿನಲ್ಲಿದ್ದ ಕ್ಲೋರಿನ್. ಅದೇ ಕ್ಲೋರಿನ್ ಮೇಲೆ ಹೋಗಿ ಓಝೋನ್ ಪದರವನ್ನು ಕಡಿಯುತ್ತದೆಂದು ಮಾರಿಯೋ ಮೊಲಿನಾ, ಶೆರ್ವುಡ್ ರೋಲ್ಯಾಂಡ್ 1974ರಲ್ಲೇ ತೋರಿಸಿದ್ದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಅದಕ್ಕೆ ಸೇರಿತು, 1995ರಲ್ಲಿ ಪಾಲ್ ಕ್ರುಟ್ಸೆನ್ ಜೊತೆ ಆ ಇಬ್ಬರಿಗೂ ನೊಬೆಲ್ ಬಂತು. ಬಾನೆಟ್ಟಿನ ಕೆಳಗೆ ಆರ್-134ಎ ಬಂತು. ಅದರಲ್ಲಿ ಕ್ಲೋರಿನ್ ಇಲ್ಲ, ಹಾಗಾಗಿ ಆ ದೀಪ ಮೂಲೆ ಸೇರಿತು. ಆರ್-12ರ ಖನಿಜ ಎಣ್ಣೆ ಹೊಸ ಗ್ಯಾಸಿನ ಜೊತೆ ಬೆರೆಯುವುದಿಲ್ಲ. ಗ್ಯಾಸು ಬದಲಿಸಿ ಎಣ್ಣೆ ಬದಲಿಸದೆ ಬಿಟ್ಟಾಗ ಎಣ್ಣೆ ಕೂಲಿಂಗ್ ಕಾಯಿಲಿನಲ್ಲೇ ನಿಂತು, ಕಂಪ್ರೆಸರು ಒಣಗಿ ಕಚ್ಚಿಕೊಳ್ಳುತ್ತಿತ್ತು. ಹಲಗೆಯ ಮೇಲಿನ ಒಂದು ಕಂಪ್ರೆಸರು ಆ ಕಾಲದ ಸಾಕ್ಷಿ.

ಬಿಸಿಲಿನಲ್ಲಿದ್ದ ಝೆನ್ ಈಗ ಚೆನ್ನಾಗಿ ಕಾದಿತ್ತು. ಒಳಗೆ ಇನ್ನೂ ತಂಪೇ ಬರುತ್ತಿತ್ತು. ಉಸ್ತಾದ್ ಎಂಜಿನ್ ಬಂದ್ ಮಾಡಿದರು. "ಈಗ ಚಾ ಕುಡಿಯೋಣ. ಇದೇ ಮೋಕಾ" ಅಂದರು. ಚಾ ಬಂತು, ಲೋಟಗಳು ಖಾಲಿಯಾದವು. ಮತ್ತೆ ಚಾಲೂ ಮಾಡಿ ಸ್ವಿಚ್ ಒತ್ತಿದರು. ಟಕ್ ಅನ್ನಲಿಲ್ಲ. ಗೇಜಿನ ಎರಡೂ ಮುಳ್ಳು ಒಂದೇ ಮಟ್ಟದಲ್ಲಿ ಅಲ್ಲಾಡದೆ ನಿಂತಿದ್ದವು. ಮುಳ್ಳಷ್ಟನ್ನೇ ನೋಡಿದವರಿಗೆ ಕಂಪ್ರೆಸರ್ ಸತ್ತಿದೆ ಅನ್ನಿಸುವುದು ಸಹಜ. ಉಸ್ತಾದ್ ಹುಡುಗನ ತಲೆ ಹಿಡಿದು ಬಗ್ಗಿಸಿ ಪುಲ್ಲಿಯ ಮುಂಭಾಗ ತೋರಿಸಿದರು. ಪುಲ್ಲಿ ತಿರುಗುತ್ತಿದೆ, ಅದರ ಮುಂದಿನ ಪ್ಲೇಟು ನಿಂತಿದೆ. ಕಂಪ್ರೆಸರಿಗೆ ಕೆಲಸವೇ ತಲುಪುತ್ತಿಲ್ಲ.

ಯಾಕೆ ತಲುಪುತ್ತಿಲ್ಲ? ಗ್ಯಾಸಿನ ಒತ್ತಡ ತೀರಾ ಇಳಿದಾಗ ಇಲ್ಲವೇ ತೀರಾ ಏರಿದಾಗ ಕರೆಂಟು ಕಡಿಯುವ ಪ್ರೆಶರ್ ಸ್ವಿಚ್ ಇರುತ್ತದೆ. ಥರ್ಮೋಸ್ಟ್ಯಾಟು, ರಿಲೇ, ಫ್ಯೂಸು, ವೈರು ಯಾವುದು ಬೇಕಾದರೂ ಆಗಿರಬಹುದು. ಒಂದೊಂದನ್ನೇ ಬಿಚ್ಚುತ್ತ ಕೂರುವ ಬದಲು ಕೊನೆಯಿಂದ ಹಿಡಿದರು. ಕ್ಲಚ್ಚಿನ ವೈರಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರು. ಝಗ್ ಎಂದು ಉರಿಯಿತು, ಮೀಟರು 13 ವೋಲ್ಟ್ ದಾಟಿತು. ಕರೆಂಟು ಬಾಗಿಲ ತನಕ ಬಂದಿದೆ, ಅಲ್ಲಿಗೆ ಹಿಂದಿನ ಎಲ್ಲವೂ ನಿರ್ದೋಷಿ. ಉಳಿದದ್ದು ಕ್ಲಚ್ಚಿನ ಕಾಯಿಲು ಮತ್ತು ಪ್ಲೇಟು. ಕಾಯಿಲಿನ ತಡೆ ಅಳೆದರೆ 4 ಓಮಿನ ಸ್ವಲ್ಪ ಮೇಲೆ, ತುಂಡಾಗಿಲ್ಲ. ಆಗ ಉಸ್ತಾದ್ ಉದ್ದನೆಯ ಮರದ ಹಿಡಿಯೊಂದನ್ನು ತಂದು, ಬೆಲ್ಟಿಗೆ ತಾಗದಂತೆ ಎಚ್ಚರವಾಗಿ, ಪ್ಲೇಟಿನ ಮುಖವನ್ನು ಒಮ್ಮೆ ಮೆಲ್ಲಗೆ ಒತ್ತಿದರು. ಟಕ್! ಕೆಂಪು ಮುಳ್ಳು ಏರಿತು, ನೀಲಿ ಇಳಿಯಿತು, ಕಿಟಕಿಯೊಳಗೆ ಕೈ ಇಟ್ಟಿದ್ದ ಮೇಷ್ಟ್ರು, "ಬಂತು, ತಣ್ಣಗೆ ಬಂತು!" ಎಂದು ಕೂಗಿದರು.

ಎಂಜಿನ್ ನಿಲ್ಲಿಸಿ ಪುಲ್ಲಿಗೂ ಪ್ಲೇಟಿಗೂ ನಡುವೆ ಫೀಲರ್ ಗೇಜಿನ ಎಲೆಗಳನ್ನು ತೂರಿಸಿದರು. ಸುಮಾರು ಅರ್ಧ ಮಿಲಿಮೀಟರ್ ಇರಬೇಕಾದ ಸಂದು ಒಂದು ಮಿಲಿಮೀಟರಿನ ಹತ್ತಿರ ಇತ್ತು. ಸ್ವಿಚ್ ಒತ್ತಿದಾಗ ಕಾಯಿಲು ಅಯಸ್ಕಾಂತವಾಗಿ ಪ್ಲೇಟನ್ನು ಪುಲ್ಲಿಗೆ ಸೆಳೆಯುತ್ತದೆ. ಪ್ರತಿ ಹಿಡಿತಕ್ಕೂ ಎರಡು ಮುಖಗಳೂ ಕೂದಲೆಳೆಯಷ್ಟು ಸವೆಯುತ್ತವೆ. ವರ್ಷಗಳು ಉರುಳಿದಂತೆ ಸಂದು ಅಗಲವಾಗುತ್ತದೆ. ಸಂದು ಅಗಲವಾದಷ್ಟೂ ಸೆಳೆತ ಬಹಳ ಬೇಗ ಕುಗ್ಗುತ್ತದೆ. ಇದರ ಜೊತೆಗೆ ಬಿಸಿ. ತಾಮ್ರದ ತಂತಿಯ ತಡೆ ಒಂದೊಂದು ಡಿಗ್ರಿಗೂ ನೂರಕ್ಕೆ 0.4ರಷ್ಟು ಏರುತ್ತದೆ. ಬೆಳಗಿನ 30 ಡಿಗ್ರಿಯ ಕಾಯಿಲು ಮಧ್ಯಾಹ್ನ ಬಾನೆಟ್ಟಿನೊಳಗೆ 100ಕ್ಕೆ ಕಾದರೆ ತಡೆ ಕಾಲುಭಾಗಕ್ಕೂ ಮೀರಿ ಹೆಚ್ಚಿ, ಕರೆಂಟು ಅದಕ್ಕೆ ತಕ್ಕಂತೆ ಇಳಿದಿರುತ್ತದೆ. ಹಿಡಿದ ಪ್ಲೇಟನ್ನು ಹಿಡಿದಿಟ್ಟುಕೊಳ್ಳಲು ಆ ಬಲ ಸಾಕು, ಆಗ ನಡುವೆ ಸಂದೇ ಇರುವುದಿಲ್ಲ. ಬಿಟ್ಟದ್ದನ್ನು ದೂರದಿಂದ ಮತ್ತೆ ಸೆಳೆಯಲು ಸಾಲದು. ಸಿರುಗುಪ್ಪದಿಂದ ಮೋಕಾ ತನಕ ಎ.ಸಿ. ನಡೆದು, ಚಾ ಕುಡಿದ ಮೇಲೆ ಕೈ ಕೊಡುತ್ತಿದ್ದ ಗುಟ್ಟು ಇದೇ.

ಪ್ಲೇಟಿನ ನಡುವಿನ ನಟ್ಟಿಗೆ ಪಾನಾ ಹಾಕಿ ಬಿಚ್ಚಿದರು. ಒಳಗೆ ತೆಳ್ಳನೆಯ ಶಿಮ್ಮುಗಳು ಒಂದರ ಮೇಲೊಂದು ಇದ್ದವು. ಒಂದನ್ನು ತೆಗೆದು ಮತ್ತೆ ಜೋಡಿಸಿ ಸುತ್ತಲೂ ಅಳೆದರು. ಸಂದು ಕಡಿಮೆಯಾದರೂ ಕಷ್ಟ, ಎ.ಸಿ. ಬಂದ್ ಇದ್ದಾಗಲೂ ಪ್ಲೇಟು ಉಜ್ಜಿ ಸುಟ್ಟುಹೋಗುತ್ತದೆ. ಎಲ್ಲ ಕಡೆ ಅರ್ಧ ಮಿಲಿಮೀಟರಿನ ಆಸುಪಾಸಿಗೆ ಬಂದ ಮೇಲೆ ಸ್ವಿಚ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಕುದಿಯುವ ಬಿಸಿಲಿನಲ್ಲೂ ಪ್ರತಿ ಸಲ ಟಕ್ ಎಂದು ಹಿಡಿಯಿತು. ಗ್ಯಾಸಿನ ಲೈನನ್ನು ಬಿಚ್ಚುವ ಪ್ರಮೇಯವೇ ಬರಲಿಲ್ಲ. ಒಂದು ಸಾಮಾನನ್ನೂ ಕೊಳ್ಳಬೇಕಾಗಲಿಲ್ಲ. ಮೇಷ್ಟ್ರು ಕೊಟ್ಟದ್ದು ಕೆಲಸದ ಕೂಲಿ ಮಾತ್ರ.

ಹೊರಡುವ ಮುನ್ನ ಉಸ್ತಾದ್ ಕೆಲವು ಮಾತು ಹೇಳಿ ಕಳಿಸಿದರು. ಬೇಸಿಗೆಗೆ ಮುಂಚೆ ಕಂಡೆನ್ಸರ್ ತೊಳೆಸಿ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಹಾಕಿ, ಎಣ್ಣೆ ಸುತ್ತಾಡದಿದ್ದರೆ ಕಂಪ್ರೆಸರಿನ ಸೀಲು ಒಣಗಿ ಗ್ಯಾಸು ಬಿಡುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಅಡುಗೆ ಗ್ಯಾಸಿನ ಜಾತಿಯದನ್ನು ಯಾರು ತುಂಬುತ್ತೇನೆಂದರೂ ಒಪ್ಪಬೇಡಿ, ಅದು ಉರಿಯುವ ಗ್ಯಾಸು, ಸೋರಿದರೆ ಕಾರಿನೊಳಗೆ ಕೂತವರ ಜೀವಕ್ಕೇ ಅಪಾಯ. ಕೂಸಿರುವ ಕಾರಿಗೆ ನಾಳೆ ಹತ್ತುವ ಮೊದಲು ಕಿಟಕಿ ತೆರೆದು ಬಿಸಿ ಗಾಳಿ ಹೊರಗೆ ಬಿಟ್ಟು, ಆಮೇಲೆ ಎ.ಸಿ. ಹಾಕಿ.

ಝೆನ್ ಹೋದ ಮೇಲೆ ಕ್ವಾಲಿಸ್ ಡ್ರೈವರೂ ಕೆಲಸಕ್ಕೆ ಒಪ್ಪಿದ. ಅಲ್ಲಿಯ ಲೆಕ್ಕ ದೊಡ್ಡದು, ಸಾಮಾನು ಬರಬೇಕು, ಲೈನ್ ತೊಳೆಯಬೇಕು, ನೈಟ್ರೋಜನ್ ತುಂಬಿ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪಂಪು ಮುಕ್ಕಾಲು ಗಂಟೆಯಾದರೂ ಓಡಬೇಕು. ಒತ್ತಡ ಅಷ್ಟು ಕೆಳಗಿಳಿದಾಗ ಪೈಪಿನೊಳಗಿನ ನೀರಿನ ಹನಿ ಈ ಬಿಸಿಗೇ ಕುದಿದು ಆವಿಯಾಗಿ ಹೊರಬೀಳುತ್ತದೆ. ಉಳಿದರೆ ಅದು ವಾಲ್ವಿನ ಕಿಂಡಿಯಲ್ಲಿ ಮಂಜಾಗಿ ಕೂರುತ್ತದೆ, ಎಣ್ಣೆಯೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಆತುರದಲ್ಲಿ ಈ ಮುಕ್ಕಾಲು ಗಂಟೆಯನ್ನು ಉಳಿಸಿದವರ ಹೊಸ ಕಂಪ್ರೆಸರೂ ಬೇಗ ಹಳತಾಗುತ್ತದೆ. ಎರಡು ಗಾಡಿ, ದೂರು ಒಂದೇ. ಒಂದಕ್ಕೆ ಶಿಮ್ ತೆಗೆದದ್ದು ನ್ಯಾಯ, ಇನ್ನೊಂದಕ್ಕೆ ಎಲ್ಲವನ್ನೂ ಬದಲಿಸುವುದೇ ನ್ಯಾಯ. ಯಾವುದು ಯಾವುದೆಂದು ತಿಳಿಯಲು ಕಾದು ನೋಡುವ ತಾಳ್ಮೆ ಬೇಕಿತ್ತು.

ಈ ತಾಳ್ಮೆ ಒಬ್ಬ ಗಿರಾಕಿಯ ಹಣವನ್ನಷ್ಟೇ ಉಳಿಸುವುದಿಲ್ಲ. ಆರ್-134ಎ ಓಝೋನ್ ಪದರವನ್ನು ಮುಟ್ಟದಿದ್ದರೂ ಭೂಮಿಯನ್ನು ಕಾಯಿಸುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ ಸುಮಾರು 1,430 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ತಪ್ಪು ಪರೀಕ್ಷೆಯಿಂದ ಸುಮ್ಮನೆ ಬಿಚ್ಚಿದ ಪ್ರತಿ ಲೈನೂ ಈ ಬಿಸಿಲಿಗೆ ಮತ್ತಷ್ಟು ಬಿಸಿ ಸೇರಿಸುತ್ತದೆ. ಹೊಸ ಕಾರು ಕೊಳ್ಳಲಾಗದವರು ನಮ್ಮ ಊರುಗಳಲ್ಲಿ ಬಹಳ ಜನ. ಅವರ ಕೂಸುಗಳಿಗೂ, ಬಾಣಂತಿಯರಿಗೂ, ವಯಸ್ಸಾದವರಿಗೂ ದಾರಿಯ ತಂಪು ಬೇಕು. ಆ ತಂಪನ್ನು ಕೈಗೆಟುಕುವ ಬೆಲೆಯಲ್ಲಿ ಉಳಿಸಿ ಕೊಡುತ್ತಿರುವವರು ಇಂಥ ತಗಡಿನ ಸೂರಿನ ಕೆಳಗೆ ಗೇಜು ನೋಡಿ, ಅಳೆದು, ಕಾದು, ಆಮೇಲೆ ಬಾಯಿ ತೆರೆಯುವವರು. ಅವರ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು, ಅವರ ಬಳಿ ಕಲಿಯುವ ಹುಡುಗರಿಗೆ ನಮ್ಮ ಐ.ಟಿ.ಐ.ಗಳಲ್ಲೂ ಜಾಗ ಇರಬೇಕು. ನಿಮ್ಮ ಹಳೇ ಕಾರಿನ ಎ.ಸಿ. ಕೈ ಕೊಟ್ಟು, ಯಾರಾದರೂ ಕಂಪ್ರೆಸರ್ ಹೋಗಿದೆ ಅಂದರೆ, ಹಣ ಎಣಿಸುವ ಮೊದಲು ಎರಡು ಪ್ರಶ್ನೆ ಕೇಳಿ: ಗೇಜ್ ಹಾಕಿ ನೋಡಿದ್ರಾ, ಪ್ಲೇಟು ತಿರುಗುತ್ತಾ ಇತ್ತಾ?